ಮಾತ್ರೆ ಅದೇ, ಕೊಡುವ ಹೊತ್ತು ಬೇರೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ನಾವೊಂದಷ್ಟು ಜನ ಹಾಸ್ಟೆಲ್‌ನಲ್ಲಿ ಮಾತಿಗೆ ಕೂತರೆ 2021ರ ಮೇ ತಿಂಗಳ ವಿಷಯ ಬಂದೇ ಬರುತ್ತೆ. ಆಗ ನಾವಿನ್ನೂ ಶಾಲೆಯಲ್ಲಿದ್ದೆವು. ಹೊಗೆಸೊಪ್ಪಿನ ಸಸಿ ನೆಡುವ ಹೊತ್ತಿಗೆ ಊರಲ್ಲಿ ಒಬ್ಬೊಬ್ಬರೇ ಜ್ವರ ಬಂದು ಮಲಗಿದರು. ಮೈಸೂರಲ್ಲಿ ಆಕ್ಸಿಜನ್ ಬೆಡ್ ಸಿಗುತ್ತೋ ಇಲ್ವೋ ಅನ್ನೋ ಭಯ. ಆ ಭಯಕ್ಕೆ ಮೊದಲ ದಿನವೇ ಸ್ಟೀರಾಯ್ಡ್ ಮಾತ್ರೆ ನುಂಗಿದವರು ನಮ್ಮ ಮನೆಗಳಲ್ಲೂ ಇದ್ದರು. "ದೊಡ್ಡಾಸ್ಪತ್ರೇಲಿ ಕೊಡೋದೂ ಇದೇ ಅಂತೆ ಕಣಪ್ಪ" ಅನ್ನೋದು ಅವರ ಸಮಾಧಾನ.

ಆ ಮಾತು ಅರ್ಧ ಮಾತ್ರ ನಿಜ. ವೈರಸ್‌ನಿಂದ ನ್ಯುಮೋನಿಯಾ ತೀವ್ರವಾದಾಗ ಶ್ವಾಸಕೋಶ ಹಾಳು ಮಾಡುವುದು ವೈರಸ್ ಒಂದೇ ಅಲ್ಲ, ಅದರ ಮೇಲೆ ಮಿತಿಮೀರಿ ಮುಗಿಬೀಳುವ ನಮ್ಮದೇ ರೋಗನಿರೋಧಕ ಶಕ್ತಿ ಕೂಡ. ಈ ಉರಿಯೂತ ತಗ್ಗಿಸಲು ಸ್ಟೀರಾಯ್ಡ್ ಬೇಕು. ಆದರೆ ಮೊದಲ ದಿನಗಳಲ್ಲಿ ವೈರಸ್ ವಿರುದ್ಧ ಹೋರಾಡುವುದೂ ಅದೇ ಶಕ್ತಿ ತಾನೆ?

ಹಾಗಾದರೆ ಯಾರಿಗೆ, ಯಾವಾಗ ಕೊಡಬೇಕು? 2020ರ ಆರಂಭದಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇರಲಿಲ್ಲ. ಉತ್ತರ ಸಿಕ್ಕಿದ್ದು ಬ್ರಿಟನ್ನಿನ 'ರಿಕವರಿ' ಪ್ರಯೋಗದಿಂದ. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂನಂತೆ, ಹೆಚ್ಚೆಂದರೆ 10 ದಿನ. ಲಾಟರಿ ಎತ್ತಿದ ಹಾಗೆ 2,104 ರೋಗಿಗಳಿಗೆ ಈ ಔಷಧಿ, 4,321 ಮಂದಿಗೆ ಮಾಮೂಲಿ ಚಿಕಿತ್ಸೆ. 28 ದಿನದೊಳಗಿನ ಸಾವು ವೆಂಟಿಲೇಟರ್‌ನಲ್ಲಿದ್ದವರಲ್ಲಿ ಶೇ. 41.4ರಿಂದ 29.3ಕ್ಕೆ ಇಳಿಯಿತು. ಬರೀ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಶೇ. 26.2ರಿಂದ 23.3ಕ್ಕೆ. ಆಕ್ಸಿಜನ್ನೇ ಬೇಡದವರಲ್ಲಿ ಮಾಮೂಲಿ ಚಿಕಿತ್ಸೆಯಲ್ಲಿ ಶೇ. 14, ಸ್ಟೀರಾಯ್ಡ್ ಕೊಟ್ಟಾಗ ಶೇ. 17.8. ಈ ಕೊನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು, ಆದರೆ ಲಾಭವಂತೂ ಕಾಣಲಿಲ್ಲ. ಫಲಿತಾಂಶ ಹೊರಬಿದ್ದದ್ದು 2020ರ ಜೂನ್ 16ರಂದು. ಮರುವರ್ಷ ನಮ್ಮೂರಲ್ಲಿ ಮಾತ್ರೆಯ ಹೆಸರು ತಲುಪಿತ್ತು, "ಯಾವಾಗ" ಅನ್ನೋದು ತಲುಪಿರಲಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಅತಿಯಾಗಿ ಸ್ಟೀರಾಯ್ಡ್ ತಗೊಂಡು ಬ್ಲ್ಯಾಕ್ ಫಂಗಸ್‌ಗೆ ತುತ್ತಾದ ಸುದ್ದಿಗಳು ಆ ತಿಂಗಳೇ ಬಂದವು.

ನಮ್ಮ ಬೆಂಗಳೂರಿನ ಉದಾಹರಣೆಯನ್ನೂ ನೋಡೋಣ. ಬಯೋಕಾನ್ ಕಂಪನಿಯ ಇಟೊಲಿಜುಮ್ಯಾಬ್ ಮೊದಲು ಸೋರಿಯಾಸಿಸ್ ಚರ್ಮರೋಗಕ್ಕೆ ಕೊಡುತ್ತಿದ್ದ ಔಷಧಿ. ಕೋವಿಡ್‌ನ ಉರಿಯೂತಕ್ಕೆ ಅದನ್ನು ಮುಂಬೈ, ದೆಹಲಿ ಆಸ್ಪತ್ರೆಗಳ 30 ರೋಗಿಗಳಲ್ಲಿ ಪರೀಕ್ಷಿಸಿದರು. ಔಷಧಿ ಪಡೆದ 20 ಜನರಲ್ಲಿ ಯಾರೂ ಸಾಯಲಿಲ್ಲ, ಪಡೆಯದ 10 ಜನರಲ್ಲಿ ಮೂವರು ತೀರಿಕೊಂಡರು. 2020ರ ಜುಲೈನಲ್ಲಿ ತುರ್ತು ಬಳಕೆಗೆ ಅನುಮತಿಯೂ ಸಿಕ್ಕಿತು. ಆದರೆ ರಾಷ್ಟ್ರೀಯ ಕಾರ್ಯಪಡೆ ಅದನ್ನು ಚಿಕಿತ್ಸಾ ಪಟ್ಟಿಗೆ ಸೇರಿಸಲಿಲ್ಲ. ಔಷಧಿ ಕೆಟ್ಟದ್ದು ಅಂತ ನಾವು ಹೇಳ್ತಿಲ್ಲ. 30 ಜನರ ಲೆಕ್ಕದಲ್ಲಿ ಒಳ್ಳೇದೋ ಕೆಟ್ಟದ್ದೋ ಖಚಿತವಾಗಿ ಹೇಳೋಕೆ ಆಗಲ್ಲ, ಅಷ್ಟೇ. ಸ್ಯಾಂಪಲ್ ಸೈಜ್ ಪಾಠ ನಮಗೆ ಹೊಸದೇನಲ್ಲವಲ್ಲ.

ಅದಕ್ಕೇ ನಮ್ಮ ಅಭಿಪ್ರಾಯ ಇದು: ಮುಂದೆ ಇಂಥ ಕಾಯಿಲೆ ಬಂದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳೂ ಪ್ರಯೋಗದಲ್ಲಿ ಪಾಲುಗೊಳ್ಳಬೇಕು. "ನಮ್ಮ ಜನ ಏನು ಗಿನಿಪಿಗ್ಗಾ?" ಅಂತ ಕೇಳುವವರಿದ್ದಾರೆ. ಎಚ್.ಡಿ.ಕೋಟೆಯ ಹಾಡಿಗಳ ಜನರನ್ನು ನೆನೆದರೆ ಆ ಪ್ರಶ್ನೆ ಸರಿಯಾದದ್ದೇ. ಆದ್ದರಿಂದ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು, ತೊಂದರೆಯಾದರೆ ಪರಿಹಾರ ಕೊಡಬೇಕು. 2019ರ ಕೇಂದ್ರ ನಿಯಮಗಳೇ ಹಾಗೆ ಹೇಳುತ್ತವೆ. ಬೇಡ ಅಂದವರಿಗೂ ಮಾಮೂಲಿ ಚಿಕಿತ್ಸೆ ತಪ್ಪಬಾರದು. ಯೋಚಿಸಿ ನೋಡಿ, 2021ರಲ್ಲಿ ನಮ್ಮ ಮನೆಯವರ ಮೇಲೆ ನಡೆದದ್ದೂ ಪ್ರಯೋಗವೇ. ಯಾರೂ ಒಪ್ಪಿಗೆ ಕೇಳಲಿಲ್ಲ, ಯಾರೂ ಲೆಕ್ಕ ಬರೆದಿಡಲಿಲ್ಲ.

ರೋಗಿಗಳನ್ನು ಗುಂಪಿಗೆ ಹಂಚುವ ಸಾಫ್ಟ್‌ವೇರ್, ಕನ್ನಡದ ಒಪ್ಪಿಗೆ ಪತ್ರ, ಅಂಕಿಅಂಶದ ಲೆಕ್ಕ: ಇವು ನಮ್ಮ ಕೈಲಾಗುವ ಕೆಲಸಗಳೇ. ಅದಕ್ಕೂ ಮೊದಲು ಈ ಸಲ ಊರಿಗೆ ಹೋದಾಗ ಅಜ್ಜಿ ತಾತನಿಗೆ ಒಂದು ಮಾತು ಹೇಳಿ ಬರೋಣ. ಜ್ವರ ಬಂದರೆ ಡಾಕ್ಟರ್ ಹತ್ತಿರ ಆಕ್ಸಿಜನ್ ಎಷ್ಟಿದೆ ಅಂತ ನೋಡಿಸಿ. ಅವರು ಹೇಳದೆ ಸ್ಟೀರಾಯ್ಡ್ ಮುಟ್ಟಬೇಡಿ.