ಖಾಲಿ ಮನೆಗಳ ಲೆಕ್ಕ

ಮೂರು ವರ್ಷಗಳಿಂದ ಯಾರೂ ಎರವಲು ಒಯ್ಯದ ಪುಸ್ತಕಗಳನ್ನು ನಮ್ಮ ಸಂಘದ ಗ್ರಂಥಭಂಡಾರದಿಂದ ರದ್ದಿಗೆ ಹಾಕಬೇಕೆಂಬ ಸಲಹೆ ಬಂದಿದೆ. ಗಣಕಯಂತ್ರದ ಲೆಕ್ಕವೇ ಇದಕ್ಕೆ ಆಧಾರವಂತೆ. ಈ ವಾದವನ್ನು ನಾನು ಒಪ್ಪಲಾರೆ.

ಲೆಕ್ಕದ ಖಾಲಿ ಮನೆ ಏನನ್ನು ಹೇಳುತ್ತದೆ? ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು 1997–98ರಲ್ಲಿ ಕಲೆಹಾಕಿದ 'ಮೂವಿಲೆನ್ಸ್' ಸಂಗ್ರಹವನ್ನೇ ನೋಡಿ. ಯಾರಿಗೆ ಯಾವ ಚಲನಚಿತ್ರವನ್ನು ಶಿಫಾರಸು ಮಾಡಬೇಕೆಂಬ ಸಂಶೋಧನೆಗೆ ಅದು ಆಕರ. 943 ಪ್ರೇಕ್ಷಕರು, 1,682 ಚಿತ್ರಗಳು, 1,00,000 ಅಂಕಗಳು. ಕೋಷ್ಟಕವಾಗಿ ಬರೆದರೆ ನೂರಕ್ಕೆ 93ಕ್ಕೂ ಹೆಚ್ಚು ಮನೆಗಳು ಖಾಲಿ! ಖಾಲಿಯೆಂದರೆ ಚಿತ್ರ ಕೆಟ್ಟದ್ದೆಂದಲ್ಲ. ಆ ಪ್ರೇಕ್ಷಕ ಏನೂ ಹೇಳಿಲ್ಲ, ಅಷ್ಟೆ. ಅದೂ 20ಕ್ಕಿಂತ ಕಡಿಮೆ ಚಿತ್ರಗಳಿಗೆ ಅಂಕ ಕೊಟ್ಟವರನ್ನು ಮೊದಲೇ ಹೊರಗಿಟ್ಟ ಮೇಲಿನ ಲೆಕ್ಕ.

ವಿದ್ವಾಂಸರ ಉಲ್ಲೇಖಜಾಲಗಳಲ್ಲಿಯೂ ಇದೇ ನಡೆದಿದೆ. 'ಕೋರಾ' ಎಂಬ ಪ್ರಸಿದ್ಧ ಸಂಗ್ರಹದಲ್ಲಿ 2,708 ಪ್ರಬಂಧಗಳು, 5,429 ಕೊಂಡಿಗಳು. ಸಂಗ್ರಹದ ಬೇರಾವುದನ್ನೂ ಉಲ್ಲೇಖಿಸದ, ಬೇರಾವುದರಿಂದಲೂ ಉಲ್ಲೇಖಗೊಳ್ಳದ ಪ್ರಬಂಧಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಒಂಟಿಯವರನ್ನು ಊರಾಚೆಗಟ್ಟಿ, ಊರೆಲ್ಲ ನೆಂಟರೇ ಎಂದಂತೆ!

ನಮ್ಮ ಭಂಡಾರ ತೆರೆಯುವುದು ಭಾನುವಾರ ಎರಡೇ ಗಂಟೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವ ಹಿರಿಯರು ಅಲ್ಲಿಯೇ ಕುಳಿತು ಓದಿ ಹೋಗುತ್ತಾರೆ. ಅವರ ಓದು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಬಾಗಿಲು ಮುಚ್ಚಿಟ್ಟವರು ನಾವು, ತಪ್ಪು ಪುಸ್ತಕದ್ದೇ? ಜನಪ್ರಿಯ ಕಾದಂಬರಿಗೆ ಹತ್ತು ಮಂದಿ ಸಿಗುತ್ತಾರೆ, ಬೇರೆಡೆ ಹತ್ತು ಪ್ರತಿಗಳೂ ಸಿಗುತ್ತವೆ. ಹಳಗನ್ನಡ ವ್ಯಾಕರಣಕ್ಕೆ ಬರುವವನು ಒಬ್ಬನೇ. ಈ ಊರಿನಲ್ಲಿ ಅವನಿಗೆ ಇನ್ನೊಂದು ಕಪಾಟಿಲ್ಲ.

ರದ್ದಿಯ ಪಟ್ಟಿಯನ್ನು ಮಹಾಸಭೆಯ ಮುಂದಿಡಲಿ. ಪ್ರತಿಯೊಂದು ಪುಸ್ತಕವನ್ನೂ ತೆರೆದು ನೋಡಿದವರು ಯಾರೆಂಬುದನ್ನೂ ಅದರ ಪಕ್ಕದಲ್ಲಿ ಬರೆಯಲಿ.