ಊದಿದ ಬ್ಯಾಟರಿಗಳಿಗೆ ಒಂದು ಜಾಗ ತೋರಿಸಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಚಾಮರಾಜನಗರ ಜಿಲ್ಲೆ

ಮಾನ್ಯರೇ,

ಮೊನ್ನೆ ಗುಂಡ್ಲುಪೇಟೆಯಲ್ಲಿ ಫೋನಿನ ಬ್ಯಾಟರಿ ಬದಲಾಯಿಸಲು ಹೋಗಿದ್ದೆ. ರಿಪೇರಿ ಹುಡುಗ ಮೇಜಿನ ಕೆಳಗಿಂದ ಚಪ್ಪಲಿ ಡಬ್ಬವೊಂದನ್ನು ಎಳೆದು ನನ್ನ ಹಳೆಯದನ್ನು ಅದಕ್ಕೆ ಹಾಕಿದ. ಡಬ್ಬದ ತುಂಬ ಪೂರಿಯಂತೆ ಉಬ್ಬಿದ ಬ್ಯಾಟರಿಗಳು. ಒಂದರ ಹೊದಿಕೆ ಬಿರಿದು ಸಿಹಿ ಸಿಹಿಯಾದ ಘಾಟು ಬರುತ್ತಿತ್ತು. "ಇವನ್ನೆಲ್ಲ ಏನು ಮಾಡ್ತೀಯಪ್ಪ?" ಎಂದೆ. "ಗುಜರಿಯವ್ರೂ ಮುಟ್ಟಲ್ಲ ಸಾರ್. ತುಂಬಿದ್ರೆ ಕಸದ ಗಾಡಿಗೆ ಹಾಕ್ತೀನಿ" ಎಂದ.

ತಪ್ಪು ಅವನದಲ್ಲ. ಟ್ರ್ಯಾಕ್ಟರಿನ, ಔಷಧಿ ಹೊಡೆಯುವ ಪಂಪಿನ ಸೀಸದ ಬ್ಯಾಟರಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಇಷ್ಟು ಎಂದು ಮುರಿದುಕೊಳ್ಳುತ್ತಾರೆ. ಹಾಗಾಗಿ ಅದನ್ನು ಯಾರೂ ತಿಪ್ಪೆಗೆ ಎಸೆಯುವುದಿಲ್ಲ. ಮೊಬೈಲಿನದಕ್ಕೆ ನಮ್ಮೂರಲ್ಲಿ ಬೆಲೆಯೂ ಇಲ್ಲ, ಕೊಡುವ ಜಾಗವೂ ಇಲ್ಲ.

ಮೊಬೈಲ್ ಬ್ಯಾಟರಿಯೊಳಗಿನ ತೆಳು ಅಲ್ಯೂಮಿನಿಯಂ ಹಾಳೆಗೆ ಕರಿಯ ಪುಡಿಯೊಂದು ಮೆತ್ತಿರುತ್ತದೆ. ಹೆಚ್ಚಿನ ಫೋನುಗಳಲ್ಲಿ ಅದು ಲಿಥಿಯಂ ಕೋಬಾಲ್ಟ್ ಆಕ್ಸೈಡ್. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಅವರ ತಂಡ ಇದರ ಗುಣವನ್ನು ತೋರಿಸಿಕೊಟ್ಟಿತು. 1991ರಲ್ಲಿ ಸೋನಿ ಕಂಪನಿ ಇದನ್ನು ಬಳಸಿದ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಗುಡ್‌ಇನಫ್ ಸೇರಿ ಮೂವರಿಗೆ ನೊಬೆಲ್ ಬಂತು. ಕೋಬಾಲ್ಟ್ ಮತ್ತು ಆಮ್ಲಜನಕದ ಪದರಗಳ ಸಂದಿನಲ್ಲಿ ಲಿಥಿಯಂ ಕೂತಿರುತ್ತದೆ. ಚಾರ್ಜಿಗೆ ಹಾಕಿದಾಗ ಹೊರಡುತ್ತದೆ, ಬಳಸಿದಂತೆ ಮರಳುತ್ತದೆ. ಅಪಾಯ ಇರುವುದೂ ಇಲ್ಲೇ. ಲಿಥಿಯಂ ಹೊರಟು ಸಡಿಲಗೊಂಡ ಪದರಗಳು ಬಿಸಿಯೇರಿದರೆ ತಮ್ಮ ಆಮ್ಲಜನಕವನ್ನೇ ಬಿಟ್ಟುಬಿಡುತ್ತವೆ. ಹೊತ್ತಿಕೊಂಡ ಬ್ಯಾಟರಿ ಮಣ್ಣು ಮುಚ್ಚಿದರೂ ಸುಲಭಕ್ಕೆ ಆರದಿರಲು ಇದೂ ಒಂದು ಕಾರಣ. ಬೆಂಕಿ ಹೊತ್ತಲು ಕಸದ ಗಾಡಿಯಲ್ಲಿ ಜಜ್ಜಿಹೋದ ಒಂದೇ ಒಂದು ಬ್ಯಾಟರಿ ಸಾಕು. ಪೌರಕಾರ್ಮಿಕರು ಆ ಕಸವನ್ನು ಬರಿಗೈಯಲ್ಲಿ ಬೇರ್ಪಡಿಸುತ್ತಾರೆ ಎಂಬುದೇ ನನ್ನ ದೊಡ್ಡ ಸಂಕಟ.

ಅಪಾಯ ಒಂದೆಡೆಯಾದರೆ, ಎಸೆಯುವುದು ನಷ್ಟವೂ ಹೌದು. ಆ ಕರಿಯ ಪುಡಿಯ ತೂಕದಲ್ಲಿ 100ಕ್ಕೆ 60 ಪಾಲು ಕೋಬಾಲ್ಟ್. ಜಗತ್ತಿನ ಕೋಬಾಲ್ಟ್‌ನ ಬಹುಪಾಲು ಕಾಂಗೋದ ಗಣಿಗಳಿಂದ ಬರುತ್ತದೆ. ಅಲ್ಲಿ ಕೆಲವೆಡೆ ಮಕ್ಕಳೂ ಅದಿರು ಬಗೆದಿದ್ದಾರೆ. 2021ರಲ್ಲಿ ಮಂಡ್ಯದ ಮರಳಗಾಲದ ನೆಲದಡಿ 1,600 ಟನ್ ಲಿಥಿಯಂ ಇರಬಹುದು ಎಂದಾಗ ನಾವೆಲ್ಲ ಎಷ್ಟು ಹಿಗ್ಗಿದೆವು! ಆ ಚಪ್ಪಲಿ ಡಬ್ಬದಲ್ಲಿರುವುದೂ ಅದೇ ಲಿಥಿಯಂ, ಬಗೆದು ಶುದ್ಧಮಾಡಿ ಮುಗಿದಿರುವುದು.

2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ನೆಲಭರ್ತಿಗೆ ಹಾಕುವಂತಿಲ್ಲ, ಸುಡುವಂತಿಲ್ಲ. ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಆದರೆ ತಯಾರಕರು ನಮ್ಮ ತಾಲ್ಲೂಕಿಗೆ ತಾವಾಗಿಯೇ ಬರುವುದಿಲ್ಲ. ಕರೆಸುವ ಅಧಿಕಾರದ ಮಾತು ತಮ್ಮದು.

ಚಾಮರಾಜನಗರ ನಗರಸಭೆ ಮತ್ತು ಗುಂಡ್ಲುಪೇಟೆ ಪುರಸಭೆಯ ಅಂಗಳದಲ್ಲಿ, ನೆರಳಿರುವೆಡೆ, ಮರಳು ತುಂಬಿದ ಒಂದೊಂದು ಮುಚ್ಚಳದ ಡ್ರಮ್ ಇಡಿಸಿ. ತುದಿಗಳಿಗೆ ಟೇಪು ಸುತ್ತಿ ತಂದುಕೊಡುವಂತೆ ಮೊಬೈಲ್ ಅಂಗಡಿಗಳಿಗೆ ಸುತ್ತೋಲೆ ಹೊರಡಿಸಿ. ಮೂರು ತಿಂಗಳಿಗೊಮ್ಮೆ ಅಧಿಕೃತ ಮರುಬಳಕೆದಾರರ ವಾಹನ ಬರುವಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆ ಮಾತಾಡಿ. ನನ್ನ ಶಾಲೆಯ ಮಕ್ಕಳು ಮನೆಮನೆಯ ಹಳೆ ಬ್ಯಾಟರಿಗಳ ಪಟ್ಟಿ ಮಾಡಿಕೊಡಲು ಸಿದ್ಧರಿದ್ದಾರೆ. ಆ ಡಬ್ಬ ತುಂಬಲು ಇನ್ನು ನಾಲ್ಕು ಬೆರಳಷ್ಟೇ ಉಳಿದಿದೆ. ದಯವಿಟ್ಟು ಅದಕ್ಕೆ ಮುಂಚೆ ಆದೇಶ ಹೊರಡಿಸಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕ,
ಗುಂಡ್ಲುಪೇಟೆ