ಬ್ಯಾಟರಿಗೆ ಬೈಯೋ ಮುಂಚೆ ಒಂದು ಭಾಗಾಕಾರ

ನಮ್ಮ ಕ್ಲಾಸಲ್ಲಿ ಈ ಸೆಮ್‌ನ ದೊಡ್ಡ ಜಗಳ ಪ್ಲಗ್ ಪಾಯಿಂಟಿಗೆ. ಹೊಸ ಲ್ಯಾಪ್‌ಟಾಪ್ ಡಬ್ಬದ ಮೇಲೆ "10 ಗಂಟೆವರೆಗೆ" ಅಂತಿರುತ್ತೆ; ಮಧ್ಯಾಹ್ನದ ಊಟಕ್ಕೆ ಮುಂಚೆನೇ ಚಾರ್ಜ್ ಖಾಲಿ. ಎಲ್ಲರ ಸಲಹೆ ಒಂದೇ: "ಬ್ಯಾಟರಿ ಹೋಗಿದೆ ಮಗಾ, ಎಸ್.ಪಿ. ರೋಡಲ್ಲಿ ಚೇಂಜ್ ಮಾಡಿಸಿಬಿಡು."

ಇದು ತಪ್ಪು ಸಲಹೆ ಅಂತ ನನ್ನ ವಾದ. ಮನೆಯವರು ಇಎಂಐ ಕಟ್ತಿರೋ ಲ್ಯಾಪ್‌ಟಾಪಿಗೆ ಇನ್ನಷ್ಟು ದುಡ್ಡು ಸುರಿಯೋ ಮೊದಲು ಲೆಕ್ಕ ಹಾಕೋಣ. 50 ವ್ಯಾಟ್-ಅವರ್ ಬ್ಯಾಟರಿಯಿಂದ 5 ವ್ಯಾಟ್ ಎಳೆದರೆ 10 ಗಂಟೆ, 20 ವ್ಯಾಟ್ ಎಳೆದರೆ ಎರಡೂವರೆ ಗಂಟೆ. ಸ್ಕ್ರೀನ್ ಮಂಕು ಮಾಡಿ ಬರೀ ವಿಡಿಯೋ ಓಡಿಸುವವರಿಗೆ ಮೊದಲ ಲೆಕ್ಕ. ಪೂರ್ತಿ ಬ್ರೈಟ್‌ನೆಸ್, 144 ಹರ್ಟ್ಸ್, ಇಪ್ಪತ್ತು ಟ್ಯಾಬ್, ಗ್ರಾಫಿಕ್ಸ್ ಕಾರ್ಡ್ ಅಂತ ಓಡಿಸೋ ನಮಗೆ ಎರಡನೆಯದು.

ವಿಂಡೋಸ್‌ನ 'ಪವರ್‌ಸಿಎಫ್‌ಜಿ' ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎರಡನ್ನೂ ಹೋಲಿಸಿ. ಹತ್ತಿರ ಹತ್ತಿರ ಇದ್ರೆ ಬ್ಯಾಟರಿ ಚೆನ್ನಾಗೇ ಇದೆ. ಬ್ರೈಟ್‌ನೆಸ್ ಇಳಿಸಿ, 60 ಹರ್ಟ್ಸ್‌ಗೆ ತನ್ನಿ, ಹಿಂದೆ ಓಡ್ತಿರೋ ಆ್ಯಪ್‌ಗಳನ್ನ ನಿಲ್ಲಿಸಿ. ಹೊಸದರಲ್ಲೇ ಎರಡನೇ ಅಂಕಿ ತುಂಬಾ ಕಮ್ಮಿ ಇದ್ರೆ, ಹೊರಗೆ ಬಿಚ್ಚಿಸಬೇಡಿ. ಆ ರಿಪೋರ್ಟ್ ಹಿಡ್ಕೊಂಡು ವಾರಂಟಿ ಕೇಳಿ.

ಹಾಗಂತ ಕಂಪನಿಗಳನ್ನ ಸುಮ್ಮನೆ ಬಿಡಬೇಕಿಲ್ಲ. ಫ್ರಿಡ್ಜ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುತ್ತೆ. ಲ್ಯಾಪ್‌ಟಾಪ್ ಡಬ್ಬದ ಮೇಲೂ ಗಂಟೆಯ ಪಕ್ಕ, ಅದೇ ಸೈಜಿನ ಅಕ್ಷರದಲ್ಲಿ, ಎಷ್ಟು ವ್ಯಾಟ್‌ಗೆ ಆ ಗಂಟೆ ಅಂತ ಇರಬೇಕು. ಗಾಂಧಿ ಬಜಾರಲ್ಲಿ ಅವರೆಕಾಯಿ ತಗೊಳ್ಳೋವಾಗ ತಕ್ಕಡಿ ನೋಡ್ತೀವಿ. ಲ್ಯಾಪ್‌ಟಾಪ್ ತಗೊಳ್ಳೋವಾಗ್ಲೂ ವ್ಯಾಟ್-ಅವರ್ ಎಷ್ಟು ಅಂತ ಕೇಳೋಣ.